ಬಿ.ಎ. ಜೊತೆಗೆ ಡೇಟಾ ಅನಾಲಿಟಿಕ್ಸ್: ಕರಾವಳಿಯ ಕಾಲೇಜೊಂದರ ಸರ್ಟಿಫಿಕೇಟ್ ಕೋರ್ಸ್ ಹೇಗಿದೆ?

ಉತ್ತರ ಕನ್ನಡದ ಕರಾವಳಿಯ ಪದವಿ ಕಾಲೇಜೊಂದು ತನ್ನ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಡೇಟಾ ಅನಾಲಿಟಿಕ್ಸ್ (ಅಂಕಿಅಂಶ ವಿಶ್ಲೇಷಣೆ) ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತಿದೆ. ಅವಧಿ ಎರಡು ಸೆಮಿಸ್ಟರ್. ಸೆಮಿಸ್ಟರಿಗೆ ಹದಿನೈದು ವಾರ, ವಾರಕ್ಕೆ ಎರಡು ತಾಸು ಪಾಠ, ಎರಡು ತಾಸು ಲ್ಯಾಬ್, ಒಟ್ಟು 120 ತಾಸು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಕನ್ನಡ, ಯಾವ ವಿಷಯ ತೆಗೆದುಕೊಂಡವರೂ ಸೇರಬಹುದು. ಪಿಯುಸಿಯಲ್ಲಿ ಗಣಿತ ಓದಿರಲೇಬೇಕೆಂಬ ಷರತ್ತಿಲ್ಲ. ತೀರ್ಪನ್ನು ಮೊದಲೇ ಹೇಳುವುದಾದರೆ, ಮೊದಲ ಸೆಮಿಸ್ಟರ್‌ನ ಪಾಠ ಬಹಳ ಒಳ್ಳೆಯದು, ದೊಡ್ಡ ಊರಿನ ದುಬಾರಿ ಇನ್‌ಸ್ಟಿಟ್ಯೂಟುಗಳಲ್ಲಿ ಇಷ್ಟು ಗಟ್ಟಿಯಾದದ್ದು ಸಿಗುವುದು ಅಪರೂಪ. ಎರಡನೇ ಸೆಮಿಸ್ಟರ್‌ನ ಕೊನೆಯ ಐದು ವಾರ ಸಡಿಲ. ಲ್ಯಾಬ್ ಸಾಲದು. ಆದರೂ ಸೇರಬಹುದು ಎಂಬುದೇ ನಮ್ಮ ಅಭಿಪ್ರಾಯ. ಏಕೆಂಬುದನ್ನು ಮುಂದೆ ವಿವರವಾಗಿ ಹೇಳಿದ್ದೇವೆ.

ಇಂಥ ಕೋರ್ಸುಗಳ ಕರಪತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಫ್ಟ್‌ವೇರ್‌ಗಳ ಪಟ್ಟಿ: ಎಕ್ಸೆಲ್, ಎಸ್‌ಕ್ಯುಎಲ್ (ಡೇಟಾಬೇಸ್ ಭಾಷೆ), ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ), ಪವರ್ ಬಿಐ (ಡ್ಯಾಶ್‌ಬೋರ್ಡ್ ಮಾಡುವ ಸಾಫ್ಟ್‌ವೇರ್). ಪಟ್ಟಿ ಉದ್ದವಿದ್ದಷ್ಟೂ ಕೋರ್ಸ್ ದೊಡ್ಡದೆಂದು ಪಾಲಕರು ನಂಬುತ್ತಾರೆ. ಕೋರ್ಸನ್ನು ತೂಗಬೇಕಾದ್ದು ಬೇರೆ ಕಡೆ. ಸ್ವಚ್ಛಗೊಳಿಸದ ಕಚ್ಚಾ ಡೇಟಾ ವಿದ್ಯಾರ್ಥಿಯ ಕೈಗೆ ಯಾವ ವಾರ ಬರುತ್ತದೆ? ಆ ಕೋಷ್ಟಕದ ಒಂದು ಸಾಲು ನಿಜಕ್ಕೂ ಏನನ್ನು ಎಣಿಸುತ್ತದೆ ಎಂದು ಕೇಳುವವರು ತರಗತಿಯಲ್ಲಿ ಇದ್ದಾರೆಯೇ? ಕಲಾ ಕಾಲೇಜಿನಲ್ಲಿ ಈ ವಿಷಯ ಕಲಿಯುವುದರ ಲಾಭವೆಲ್ಲ ಈ ಎರಡನೇ ಪ್ರಶ್ನೆಯಲ್ಲಿದೆ. ಈ ಕೋರ್ಸಿನಲ್ಲಿ ಮೂರನೇ ವಾರಕ್ಕೇ ಕಚ್ಚಾ ಫೈಲು ಕೊಡುತ್ತಾರೆ, ಅದೂ ನಮ್ಮದೇ ಜಿಲ್ಲೆಯದ್ದು.

ಅಡಿಕೆ ಧಾರಣೆಯ ಪಾಠ

ಮೊದಲ ದೊಡ್ಡ ಅಭ್ಯಾಸ ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ದರಗಳ ಜಾಲತಾಣವಾದ ಅಗ್‌ಮಾರ್ಕ್‌ನೆಟ್‌ನಿಂದ ಇಳಿಸಿಕೊಂಡ ಅಡಿಕೆ ಧಾರಣೆಯ ಮೇಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಮಾರುಕಟ್ಟೆಗಳ ದಿನವಾರು ಆವಕ, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ ಅದರಲ್ಲಿರುತ್ತವೆ. ಆವಕ ಇರುವುದು ಟನ್ನಿನಲ್ಲಿ, ದರ ಇರುವುದು ಕ್ವಿಂಟಲಿಗೆ. ಇದನ್ನು ಗಮನಿಸದೆ ಗುಣಿಸಿದರೆ ವಹಿವಾಟಿನ ಮೊತ್ತ ಹತ್ತು ಪಟ್ಟು ಕಡಿಮೆ ಬರುತ್ತದೆ. ಮೋಡಲ್ ದರವನ್ನು ಸರಾಸರಿ ಎಂದುಕೊಳ್ಳುವುದು ಇನ್ನೊಂದು ತಪ್ಪು. ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು ಮೋಡಲ್ ದರ.

ಈ ಫೈಲಿನಲ್ಲಿ ಜಿಲ್ಲೆಯ ಹೆಸರಿಗೂ ಕಾರವಾರ ಸೇರಿಕೊಂಡಿರುತ್ತದೆ, ಉತ್ತರ ಕನ್ನಡ ಎಂಬುದರ ಕಾಗುಣಿತವೂ ಬೇರೆ. ಇದನ್ನು ಜನಗಣತಿಯ ಕೋಷ್ಟಕಕ್ಕೆ ಹೆಸರಿನ ಆಧಾರದಲ್ಲಿ ಜೋಡಿಸಹೊರಟರೆ ಒಂದು ಸಾಲೂ ಕೂಡುವುದಿಲ್ಲ. ಹೀಗೆ ಕೂಡದಿದ್ದಾಗ ಏನು ಮಾಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಕಲಿಸುತ್ತಾರೆ. ಮೊದಲು ಎರಡೂ ಕಡೆಯ ಹೆಸರುಗಳ ಪಟ್ಟಿ ತೆಗೆಯಬೇಕು. ಹೊಂದದ ಹೆಸರುಗಳನ್ನು ಬೇರೆ ಮಾಡಬೇಕು. ಆಮೇಲೆ ಒಂದು ಹೊಂದಾಣಿಕೆ ಕೋಷ್ಟಕ ಬರೆದಿಟ್ಟುಕೊಂಡು ಅದರ ಮೂಲಕವೇ ಜೋಡಿಸಬೇಕು. ಮೂಲ ಫೈಲಿನೊಳಗೆ ಕೈಯಿಂದ ಹೆಸರು ತಿದ್ದುವುದನ್ನು ಇಲ್ಲಿ ಒಪ್ಪುವುದಿಲ್ಲ. ಯಾರು, ಯಾವಾಗ, ಏನು ತಿದ್ದಿದರು ಎಂಬುದು ಆಮೇಲೆ ಯಾರಿಗೂ ತಿಳಿಯದಂತಾಗುತ್ತದೆ, ಆದ್ದರಿಂದ ಈ ಬಿಗಿ ಸರಿ.

ಪಾಠದ ತಿರುಳು ಇರುವುದು ಸರಾಸರಿಯಲ್ಲಿ. ಹೊಸಬರು ಎಲ್ಲ ಬಗೆಯ ಅಡಿಕೆಯನ್ನೂ ಸೇರಿಸಿ ‘ಶಿರಸಿ ಅಡಿಕೆ ದರ’ ಎಂದು ಒಂದೇ ಗೆರೆ ಎಳೆಯುತ್ತಾರೆ. ಘಟ್ಟದ ಮೇಲಿನ ಯಾವ ತೋಟಿಗರಿಗೂ ಅದು ಅರ್ಥವಿಲ್ಲದ ಗೆರೆ. ರಾಶಿ ಎಂದರೆ ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದ್ದು, ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದದ್ದು. ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಂಬ ಬಗೆಗಳ ದರ ಬೇರೆಯೇ. ತರಗತಿಯಲ್ಲಿ ಕೊಡುವ ಲೆಕ್ಕ ಈ ಮಾದರಿಯದ್ದು: ಒಂದು ವಾರ ರಾಶಿ 60 ಕ್ವಿಂಟಲ್, ಕ್ವಿಂಟಲಿಗೆ 46,000 ರೂಪಾಯಿಯಂತೆ, ಚಾಲಿ 40 ಕ್ವಿಂಟಲ್ 36,000ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ತೂಕ ಹಿಡಿದ ಸರಾಸರಿ 42,000. ಮರುವಾರ ರಾಶಿ 47,000ಕ್ಕೆ ಏರಿತು, ಆದರೆ ಬಂದದ್ದು 30 ಕ್ವಿಂಟಲ್. ಚಾಲಿಯೂ 36,500ಕ್ಕೆ ಏರಿತು, ಬಂದದ್ದು 70 ಕ್ವಿಂಟಲ್. ಈಗ ಸರಾಸರಿ 39,650. ಎರಡೂ ಬಗೆಯ ದರ ಏರಿದರೂ ಒಟ್ಟು ಸರಾಸರಿ 2,350 ರೂಪಾಯಿ ಇಳಿಯಿತು! ದರ ಕುಸಿದಿಲ್ಲ, ಪೇಟೆಗೆ ಬಂದ ಮಾಲಿನ ಮಿಶ್ರಣ ಬದಲಾಗಿದೆ. ‘ಅಡಿಕೆ ಧಾರಣೆ ಕುಸಿತ’ ಎಂಬ ತಲೆಬರಹ ಇಂಥ ಲೆಕ್ಕದಿಂದ ಎಷ್ಟು ಸುಲಭವಾಗಿ ಹುಟ್ಟೀತು ಎಂಬುದು ವಿದ್ಯಾರ್ಥಿಗೆ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ, ಸರಾಸರಿ ತೆಗೆಯುವ ಕೋಷ್ಟಕ) ಮುಂದೆಯೇ ತಿಳಿಯುತ್ತದೆ. ಸರಳ ಸರಾಸರಿಗೂ ತೂಕದ ಸರಾಸರಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಬೇರೊಂದಿಲ್ಲ.

ಖಾಲಿ ಮನೆ, ಸೊನ್ನೆ ಮತ್ತು ಬೆಳಗಿನ ಎಂಟೂವರೆ

ಎರಡನೇ ಅಭ್ಯಾಸ ಮೀನಿನದು. ಬಂಗಡೆ, ತಾರ್ಲೆಯ ತಿಂಗಳವಾರು ಇಳುವರಿಯ ಕೋಷ್ಟಕದಲ್ಲಿ ಜೂನ್, ಜುಲೈ ಮನೆಗಳು ಕೆಲವೆಡೆ ಖಾಲಿ, ಕೆಲವೆಡೆ ಸೊನ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವುದರಿಂದ ಟ್ರಾಲರ್‌ಗಳ ಮಟ್ಟಿಗೆ ಅದು ನಿಜವಾದ ಸೊನ್ನೆ. ನಾಡದೋಣಿಯವರ ಮಟ್ಟಿಗೆ ಹಾಗಲ್ಲ, ಅವರು ಮಳೆಗಾಲದಲ್ಲೂ ದಡದ ಹತ್ತಿರ ಬಲೆ ಬೀಸುತ್ತಾರೆ. ಅಲ್ಲಿ ಖಾಲಿ ಮನೆ ಎಂದರೆ ಯಾರೂ ಬರೆದುಕೊಂಡಿಲ್ಲ ಎಂದಷ್ಟೇ ಅರ್ಥ. ಸ್ಪ್ರೆಡ್‌ಶೀಟ್‌ನ ಆವರೇಜ್ ಫಾರ್ಮುಲಾ ಖಾಲಿ ಮನೆಯನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಹನ್ನೆರಡು ತಿಂಗಳ ಸರಾಸರಿಯೋ ಹತ್ತು ತಿಂಗಳದ್ದೋ ಎಂಬುದನ್ನು ತೀರ್ಮಾನಿಸಬೇಕಾದವರು ನಾವು, ಯಂತ್ರವಲ್ಲ. ಈ ತೀರ್ಮಾನವನ್ನು ಎರಡು ವಾಕ್ಯದಲ್ಲಿ ಬರೆದುಕೊಡದಿದ್ದರೆ ಅಭ್ಯಾಸಕ್ಕೆ ಅಂಕವಿಲ್ಲ. ಬಹಳ ಒಳ್ಳೆಯ ನಿಯಮ.

ಮಳೆಯ ಡೇಟಾದಲ್ಲಿ ದಿನ ಎಂಬುದೇ ಬೇರೆ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗಿನ 8.30ಕ್ಕೆ ಮುಗಿಯುತ್ತದೆ, ಹಿಂದಿನ ಇಪ್ಪತ್ನಾಲ್ಕು ತಾಸಿನ ಮಳೆ ಆ ದಿನಾಂಕಕ್ಕೆ ದಾಖಲಾಗುತ್ತದೆ. ಅಂದರೆ ನಿನ್ನೆ ಮಧ್ಯಾಹ್ನ ಹೊನ್ನಾವರದಲ್ಲಿ ಸುರಿದ ಮಳೆ ಇಂದಿನ ಸಾಲಿನಲ್ಲಿರುತ್ತದೆ. ಮಳೆ ಮತ್ತು ಮೀನಿನ ಆವಕ, ಮಳೆ ಮತ್ತು ರಸ್ತೆ ಬಂದ್, ಹೀಗೆ ಯಾವುದನ್ನು ತಾಳೆ ನೋಡಿದರೂ ಈ ಒಂದು ದಿನದ ಜಾರು ಫಲಿತಾಂಶವನ್ನೇ ಕೆಡಿಸುತ್ತದೆ. 2.5 ಮಿ.ಮೀ. ಅಥವಾ ಹೆಚ್ಚು ಬಂದರೆ ಮಾತ್ರ ಅದು ‘ಮಳೆಯ ದಿನ’. 64.5ರಿಂದ 115.5 ಮಿ.ಮೀ. ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ನಮ್ಮ ಕರಾವಳಿಯ ದಿನಮಳೆಗೆ ಸರಾಸರಿ ತೆಗೆಯುವುದು ದಾರಿತಪ್ಪಿಸುತ್ತದೆ. ವರ್ಷದ ಬಹುಪಾಲು ದಿನ ಸೊನ್ನೆ, ಕೆಲವೇ ದಿನ ನೂರರ ಮೇಲೆ. ಹಾಗಾಗಿ ಮಧ್ಯಾಂಕ (ಮೀಡಿಯನ್), ಶತಮಾಂಶ (ಪರ್ಸೆಂಟೈಲ್), ಹೊಸ್ತಿಲು ದಾಟಿದ ದಿನಗಳ ಎಣಿಕೆ, ಈ ಮೂರನ್ನೇ ಬಳಸಲು ಕಲಿಸುತ್ತಾರೆ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದ ಬಳಿಕ ಈ ಭಾಗದಲ್ಲಿ ಇಂಥ ಎಣಿಕೆ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿಲ್ಲ. ದಿನದ ಒಟ್ಟು ಮೊತ್ತ ಒಂದನ್ನೇ ನೋಡದೆ, ಹಿಂದಿನ ಮೂರು ದಿನ, ಏಳು ದಿನಗಳ ಕೂಡಿದ ಮೊತ್ತವನ್ನೂ ತೆಗೆಯುವ ಅಭ್ಯಾಸವನ್ನು ಪಠ್ಯದಲ್ಲಿ ಸೇರಿಸಬೇಕು. ಈಗ ಅದಿಲ್ಲ.

ಕನ್ನಡ ಅಕ್ಷರದ ತೊಡಕುಗಳು

ಈ ಕೋರ್ಸಿನ ಬಹುದೊಡ್ಡ ಗುಣ, ಕನ್ನಡ ಡೇಟಾಕ್ಕೆಂದೇ ಎರಡು ವಾರ ಇಟ್ಟಿರುವುದು. ಬೇರೆಡೆ ಇದನ್ನು ಕಲಿಸುವುದು ಅಪರೂಪ. ಪಂಚಾಯಿತಿ, ಸೊಸೈಟಿ, ಶಾಲೆಗಳ ಪಟ್ಟಿಯೊಂದಿಗೆ ಕೆಲಸ ಮಾಡುವವರು ಮೊದಲ ದಿನವೇ ಮುಗ್ಗರಿಸುವುದು ಇಲ್ಲಿಯೇ.

ಕನ್ನಡವಿರುವ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಕಾಲಮ್ಮು ಬೇರ್ಪಡಿಸಿದ ಸಾದಾ ಪಠ್ಯದ ಕೋಷ್ಟಕ) ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆದರೆ ಬಹುತೇಕ ಸಲ ವಿಚಿತ್ರ ಚಿಹ್ನೆಗಳ ಸಾಲು ಕಾಣುತ್ತದೆ. ಆ ಸ್ಥಿತಿಯಲ್ಲೇ ಸೇವ್ ಒತ್ತಿದರೆ ಮೂಲ ಹಾಳು. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಪಠ್ಯ ಅಥವಾ ಸಿಎಸ್‌ವಿ ತರುವ ಆಯ್ಕೆಗೆ ಹೋಗಿ, ಫೈಲಿನ ಮೂಲ 65001 ಯೂನಿಕೋಡ್ ಯುಟಿಎಫ್-8 ಎಂದು ಕೊಡಬೇಕು. ಯೂನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ. ಲಿಬ್ರೆ ಆಫೀಸ್ ತೆರೆಯುವಾಗಲೇ ಈ ಪ್ರಶ್ನೆ ಕೇಳುವುದರಿಂದ ಲ್ಯಾಬಿನಲ್ಲಿ ಅದನ್ನೇ ಹಾಕಿದ್ದಾರೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಾದ ಪಟ್ಟಿಗಳದ್ದು ಬೇರೆ ಕಥೆ. ಅಲ್ಲಿ ಒಳಗೆ ಉಳಿದಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಮೇಲೆ ಕನ್ನಡದ ರೂಪ ತೊಡಿಸಿರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಂದ ಪರೀಕ್ಷಿಸಿ, ಆಮೇಲೆ ಉಳಿದ ಕೆಲಸ.

ಯೂನಿಕೋಡ್ ಆದ ಮೇಲೂ ಒಂದೇ ಊರು ಎರಡಾಗುತ್ತದೆ. ಶಿರಸಿ, ಶಿರ್ಸಿ, ಸಿರ್ಸಿ ಎಂದು ಮೂವರು ಮೂರು ರೀತಿ ಬರೆಯುವುದು ಕಣ್ಣಿಗೆ ಕಾಣುವ ತೊಡಕು. ಕಾಣದ್ದು ಹೆಚ್ಚು ಕಾಡುತ್ತದೆ. ಕೊನೆಯಲ್ಲೊಂದು ಖಾಲಿ ಜಾಗ, ನಡುವೆ ಕಣ್ಣಿಗೆ ಬೀಳದ ಜೋಡಣೆ ತಡೆಯುವ ಚಿಹ್ನೆ, ಅಥವಾ ‘ಜೋಯಿಡಾ’ದ ಓಕಾರವನ್ನು ಒಬ್ಬರು ಒಂದೇ ಸಂಕೇತವಾಗಿ, ಇನ್ನೊಬ್ಬರ ಕೀಬೋರ್ಡು ಬಿಡಿಬಿಡಿ ಸಂಕೇತಗಳಾಗಿ ಉಳಿಸಿರುವುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಪೈಥಾನ್‌ನಲ್ಲಿ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ರೀತಿಯಲ್ಲಿ ಉಳಿಸುವ ರೂಪ) ತಂದು, ಅದೃಶ್ಯ ಚಿಹ್ನೆ ತೆಗೆದು, ತುದಿಯ ಖಾಲಿ ಜಾಗ ಕತ್ತರಿಸಿದ ಮೇಲಷ್ಟೇ ಜೋಡಿಸಬೇಕು. ಉದ್ದ ಎಣಿಸುವಾಗಲೂ ಹುಷಾರು. ‘ಕಾರವಾರ’ ನಮಗೆ ನಾಲ್ಕಕ್ಷರ, ಪೈಥಾನ್‌ಗೆ ಆರು ಸಂಕೇತ. ಮೊದಲ ಮೂರು ‘ಅಕ್ಷರ’ ತೆಗೆದು ಊರಿನ ಕೋಡ್ ಮಾಡಹೊರಟರೆ ಮೂರಕ್ಷರ ಸಿಗುವುದಿಲ್ಲ, ಕೆಲವು ಹೆಸರುಗಳಲ್ಲಿ ಕಾಗುಣಿತ ನಡುವೆಯೇ ತುಂಡಾಗುತ್ತದೆ. ಕನ್ನಡ ಅಂಕಿಗಳದ್ದೂ ಹೀಗೆಯೇ. ಎಕ್ಸೆಲ್ ಅವನ್ನು ಸಾಮಾನ್ಯವಾಗಿ ಪಠ್ಯವೆಂದು ಇಟ್ಟುಬಿಡುತ್ತದೆ, ಕೂಡಿದರೆ ಸೊನ್ನೆ ಬರುತ್ತದೆ. ಪೈಥಾನ್‌ನ ಇಂಟ್ ಫಂಕ್ಷನ್ ಅವನ್ನು ಸರಿಯಾಗಿ ಓದುತ್ತದೆ.

ದಿನಾಂಕದ ವಿಷಯಕ್ಕೆ ಪಾಠದಲ್ಲಿ ಕೊಟ್ಟದ್ದು ಅರ್ಧ ತಾಸು, ಅದು ಕಡಿಮೆಯಾಯಿತು. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 03/07/2024 ಎಂಬುದು ಮಾರ್ಚ್ 7 ಆಗುತ್ತದೆ, 23/07/2024 ಮಾತ್ರ ಪಠ್ಯವಾಗಿ ಉಳಿಯುತ್ತದೆ. ತಿಂಗಳ ಮೊದಲ ಹನ್ನೆರಡು ದಿನಗಳಷ್ಟೇ ಅದಲುಬದಲಾಗುವುದರಿಂದ ತಪ್ಪು ಬೇಗ ಸಿಗುವುದಿಲ್ಲ. ಕಾಲಮ್ಮಿನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಅಂಟಿದ್ದರೆ ಅಲ್ಲೇ ನಿಂತು ನೋಡಬೇಕು.

ಸರ್ಕಾರಿ ಸಮೀಕ್ಷೆಗಳು: ಕಲಾ ವಿದ್ಯಾರ್ಥಿಯ ನಿಜವಾದ ಅಂಗಳ

ಎರಡನೇ ಸೆಮಿಸ್ಟರ್‌ನ ಮೊದಲ ಹತ್ತು ವಾರ ಜನಗಣತಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಕಾರ್ಮಿಕ ಸಮೀಕ್ಷೆಗಳಿಗೆ ಮೀಸಲು. 2011ರ ಜನಗಣತಿಯಲ್ಲಿ ಜಿಲ್ಲೆಯ ತಾಲ್ಲೂಕುಗಳು ಹನ್ನೊಂದು, ಜನಸಂಖ್ಯೆ 14,37,169. ಆಮೇಲೆ ಹಳಿಯಾಳದಿಂದ ದಾಂಡೇಲಿ ಬೇರೆಯಾಗಿ ಹನ್ನೆರಡಾದವು. ಹೊಸ ಕೋಷ್ಟಕವನ್ನು ಹಳೆಯ ನಕ್ಷೆಗೆ ಜೋಡಿಸಿದರೆ ದಾಂಡೇಲಿಗೆ ಜಾಗ ಸಿಗುವುದಿಲ್ಲ, ಹಳಿಯಾಳ ದಿಢೀರನೆ ಕುಗ್ಗಿದಂತೆ ಕಾಣುತ್ತದೆ. ಹೋಲಿಕೆ ಬೇಕೆಂದರೆ ಎರಡನ್ನೂ ಕೂಡಿಸಿ ಹಳೆಯ ಗಡಿಗೆ ತರಬೇಕು. ಜನಗಣತಿ ಕೋಷ್ಟಕದಲ್ಲಿ ಜೋಯಿಡಾ ಹುಡುಕಿದರೂ ಸಿಗದು, ಅಲ್ಲಿ ಅದು ಸೂಪಾ. ಅಣೆಕಟ್ಟಿನ ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂದದ್ದು ಗೊತ್ತಿರುವ ವಿದ್ಯಾರ್ಥಿ ಈ ತೊಡಕನ್ನು ಎರಡೇ ನಿಮಿಷದಲ್ಲಿ ಬಿಡಿಸುತ್ತಾನೆ. ಗೊತ್ತಿಲ್ಲದ ಸಾಫ್ಟ್‌ವೇರ್ ಪಂಡಿತ ಒಂದು ತಾಲ್ಲೂಕನ್ನೇ ಕೈಬಿಟ್ಟು ಮುಂದೆ ಹೋಗುತ್ತಾನೆ.

ವ್ಯಾಖ್ಯೆಯ ಪಾಠ ಇನ್ನೂ ಚೆನ್ನಾಗಿದೆ. ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ಬೋಟಿನಲ್ಲಿ ಹತ್ತು ತಿಂಗಳು ದುಡಿಯುವವ ಮೊದಲ ಪಟ್ಟಿಯಲ್ಲಿ, ಹಂಗಾಮಿನಲ್ಲಿ ಮಾತ್ರ ಮೀನು ಒಣಗಿಸುವ ಅವನ ತಾಯಿ ಎರಡನೆಯದರಲ್ಲಿ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಸುಲಿಯುವ ಹೆಂಗಸರನ್ನು ‘ಕೆಲಸಕ್ಕೆ ಹೋಗುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ‘ಕಳೆದ ವಾರ ಅಡಿಕೆ ಸುಲಿದಿರಾ, ಎಷ್ಟು ದಿನ, ಕೂಲಿ ಬಂತಾ?’ ಎಂದು ಕೇಳಿದರೆ ಉತ್ತರ ಬದಲಾಗುತ್ತದೆ. ಮಹಿಳಾ ದುಡಿಮೆಯ ಶೇಕಡಾವಾರು ಪ್ರಶ್ನೆಯ ರೂಪವನ್ನು ಅವಲಂಬಿಸಿದೆ ಎಂಬುದನ್ನು ಸಮಾಜಶಾಸ್ತ್ರದ ಪ್ರಾಧ್ಯಾಪಕರು ಬಂದು ಪಾಠ ಮಾಡುವುದು ಈ ಕೋರ್ಸಿನ ಹೆಮ್ಮೆ.

ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 707 ಜಿಲ್ಲೆಗಳ 6.36 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತು. ಅಂದರೆ ಜಿಲ್ಲೆಗೆ ಸರಾಸರಿ ಒಂಬೈನೂರು ಮನೆ. 900ರ ಸರಳ ಮಾದರಿಯಲ್ಲಿ ಶೇಕಡಾ 50ರ ಸುತ್ತಲಿನ ಅಂದಾಜಿಗೆ ಎರಡೂ ಕಡೆ ಸುಮಾರು 3.3 ಶೇಕಡಾ ಅಂಶದ ತಪ್ಪಿನ ಅಂಚು ಇರುತ್ತದೆ, ಅಂದರೆ ನಿಜವಾದ ಅಂಕಿ ಅಷ್ಟು ಆಚೀಚೆ ಇರಬಹುದು. ಎರಡು ಸುತ್ತುಗಳ ನಡುವಣ ವ್ಯತ್ಯಾಸಕ್ಕೆ ಅದು 4.6 ಆಗುತ್ತದೆ. ಊರೂರನ್ನು ಗುಂಪಾಗಿ ಆರಿಸಿರುವುದರಿಂದ ನಿಜವಾದ ಅಂಚು ಇನ್ನೂ ಅಗಲ. ‘ನಮ್ಮ ಜಿಲ್ಲೆಯಲ್ಲಿ ಶೇ. 48 ಇದ್ದದ್ದು 51 ಆಯಿತು’ ಎಂದು ಸಂಭ್ರಮಿಸುವ ಮುನ್ನ ಈ ಲೆಕ್ಕ ಮಾಡಿಸುತ್ತಾರೆ. ಜಿಲ್ಲಾ ಮಾಹಿತಿ ಪತ್ರದಲ್ಲಿ ಕೆಲವು ಅಂಕಿ ಆವರಣದೊಳಗೆ ಇರುತ್ತವೆ, ಅವು 25ರಿಂದ 49 ಪ್ರಕರಣಗಳ ಮೇಲೆ ನಿಂತವು. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯ ಬದಲು ನಕ್ಷತ್ರ ಚಿಹ್ನೆ. ಇದನ್ನು ನಕಲು ಮಾಡಿ ಎಕ್ಸೆಲ್‌ಗೆ ಅಂಟಿಸಿದರೆ ಆವರಣದೊಳಗಿನ 23.4 ಎಂಬುದು ಋಣ 23.4 ಆಗಿಬಿಡುತ್ತದೆ! ಲೆಕ್ಕಪತ್ರದ ರೂಢಿಯಂತೆ ಎಕ್ಸೆಲ್ ಆವರಣವನ್ನು ಋಣ ಚಿಹ್ನೆ ಎಂದು ಓದುತ್ತದೆ. ಕಾಲಮ್ಮನ್ನು ಮೊದಲೇ ಪಠ್ಯವೆಂದು ಗುರುತಿಸಿ ಅಂಟಿಸಿದರೆ ಇದು ತಪ್ಪುತ್ತದೆ.

ಕಾರ್ಮಿಕ ಸಮೀಕ್ಷೆಯ ಹಿಂದಿನ ಸುತ್ತುಗಳ ಬಿಡಿ ಕಡತಗಳಲ್ಲಿ (ಒಬ್ಬೊಬ್ಬರ ಉತ್ತರ ಒಂದೊಂದು ಸಾಲಿನಲ್ಲಿರುವ ಮೂಲ ಫೈಲು) ಕಾಲಮ್ಮಿನ ಹೆಸರೇ ಇರುವುದಿಲ್ಲ. ಅಂಕಿಗಳ ಉದ್ದನೆಯ ಸಾಲು, ಜೊತೆಗೆ ಯಾವ ಸ್ಥಾನದಿಂದ ಯಾವ ಸ್ಥಾನದವರೆಗೆ ಏನಿದೆ ಎನ್ನುವ ವಿನ್ಯಾಸ ಪತ್ರ. ಪ್ರತಿ ಸಾಲಿಗೂ ಒಂದು ಗುಣಕವಿದೆ, ಆ ಸಾಲು ಎಷ್ಟು ಜನರನ್ನು ಪ್ರತಿನಿಧಿಸುತ್ತದೆ ಎಂಬುದನ್ನು ಹೇಳುವ ಸಂಖ್ಯೆ. ಅದನ್ನು ಸಂದರ್ಭಕ್ಕೆ ತಕ್ಕಂತೆ 100ರಿಂದ ಅಥವಾ 200ರಿಂದ ಭಾಗಿಸಿದ ಮೇಲೆ ಬಳಸಬೇಕು. ಭಾಗಿಸುವುದನ್ನು ಮರೆತರೆ ದೇಶದ ಜನಸಂಖ್ಯೆ ನೂರಾರು ಪಟ್ಟು ಹಿಗ್ಗುತ್ತದೆ, ಅದು ತಕ್ಷಣ ಕಾಣುತ್ತದೆ. ಗುಣಕವನ್ನೇ ಬಿಟ್ಟು ಸರಳ ಶೇಕಡಾ ತೆಗೆದರೆ ಮಾತ್ರ ಉತ್ತರ ನಂಬುವ ಹಾಗೇ ಇದ್ದು ತಪ್ಪಾಗಿರುತ್ತದೆ. ಆದ್ದರಿಂದ ಮೊದಲು ಸರ್ಕಾರದ ವರದಿಯ ಒಂದು ಅಂಕಿಯನ್ನು ಈ ಕಡತದಿಂದಲೇ ಲೆಕ್ಕಹಾಕಿ ಮರಳಿ ಪಡೆಯಬೇಕು, ಅದು ತಾಳೆಯಾದರೆ ಮಾತ್ರ ಸ್ವಂತ ಪ್ರಶ್ನೆ. ಈ ಕ್ರಮ ಇಲ್ಲಿ ಕಡ್ಡಾಯ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕಟ್ಟಿದ ಮಾದರಿ ಸಮೀಕ್ಷೆಯ ಪರಂಪರೆ 1950ರಿಂದ ನಮ್ಮಲ್ಲಿದೆ, ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಸಂಖ್ಯಾಶಾಸ್ತ್ರಕ್ಕೆ ಬುನಾದಿ ಕಲ್ಲುಗಳನ್ನೇ ಕೊಟ್ಟವರು. ಇವರಿಬ್ಬರಿಗೆ ಒಂದು ತಾಸಾದರೂ ಕೊಡಬಹುದಿತ್ತು.

ವಿದ್ಯಾರ್ಥಿಗಳು ತಾವೇ ಸಮೀಕ್ಷೆ ಮಾಡುವಾಗ ಹೆಸರು, ಫೋನ್ ಸಂಖ್ಯೆ, ಆಧಾರ್ ಕೇಳುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆಯ ಹಿನ್ನೆಲೆಯನ್ನೂ ಹೇಳುತ್ತಾರೆ. ಇಪ್ಪತ್ತು ಮನೆಗಳ ಸಿದ್ದಿ ಕೇರಿಯಲ್ಲೋ ಹಾಲಕ್ಕಿ ಕೊಪ್ಪದಲ್ಲೋ ‘ಪದವಿ ಓದಿದ ವಿಧವೆ: 1’ ಎಂದು ಕೋಷ್ಟಕದಲ್ಲಿ ಬರೆದರೆ ಹೆಸರು ಬರೆದಂತೆಯೇ. ಐದಕ್ಕಿಂತ ಕಡಿಮೆ ಅಂಕಿ ಇರುವ ಕೋಷ್ಟಕದ ಚೌಕಗಳನ್ನು ಮುಚ್ಚಬೇಕು. ಒಟ್ಟು ಮೊತ್ತದಿಂದ ಕಳೆದು ಅದನ್ನು ಕಂಡುಹಿಡಿಯಲಾಗದಂತೆ ಇನ್ನೊಂದು ಚೌಕವನ್ನೂ ಮುಚ್ಚಬೇಕು. ಇದನ್ನು ಇಷ್ಟು ಗಂಭೀರವಾಗಿ ಹೇಳಿಕೊಡುವ ಕೋರ್ಸುಗಳು ಕಡಿಮೆ.

ಎಲ್ಲಿ ಸೋಲುತ್ತದೆ

ಲ್ಯಾಬಿನ ಯಂತ್ರಗಳಲ್ಲಿ 4 ಜಿಬಿ ರ‍್ಯಾಮ್. ಒಂದು ಯಂತ್ರಕ್ಕೆ ಇಬ್ಬರು. ಪೈಥಾನ್‌ಗೆ ಅನಕೊಂಡಾದಂಥ ಭಾರದ ಸಾಫ್ಟ್‌ವೇರ್ ಪೊಟ್ಟಣ ಹಾಕಿರುವುದರಿಂದ ನೋಟ್‌ಬುಕ್ (ಕೋಡ್ ಬರೆದು ಓಡಿಸುವ ಪುಟ) ತೆರೆಯುವಷ್ಟರಲ್ಲಿ ತಾಸಿನ ಒಂದು ಪಾಲು ಹೋಗುತ್ತದೆ. ಬರೀ ಪೈಥಾನ್ ಹಾಕಿ, ಕೋಷ್ಟಕಕ್ಕೆ ಪ್ಯಾಂಡಾಸ್, ಚಿತ್ರಕ್ಕೆ ಮ್ಯಾಟ್‌ಪ್ಲಾಟ್‌ಲಿಬ್, ನೋಟ್‌ಬುಕ್ಕಿಗೆ ಜುಪಿಟರ್, ಈ ಮೂರನ್ನೇ ಸೇರಿಸಿದರೆ ಇದೇ ಯಂತ್ರಗಳು ಸಾಕು. ದೊಡ್ಡ ಫೈಲು ಓದುವಾಗ ಬೇಕಾದ ಕಾಲಮ್ಮುಗಳನ್ನಷ್ಟೇ ಹೆಸರಿಸಿ ತರಿಸಿಕೊಂಡರೆ ರ‍್ಯಾಮ್ ತುಂಬುವುದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಿನಲ್ಲಿ ಇಂಟರ್‌ನೆಟ್ ಮೂಲಕ ನಡೆಯುವ ಗೂಗಲ್ ಕೊಲಾಬ್ ನಂಬಿ ಪಾಠ ಯೋಜಿಸಿದ್ದು ಸರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎಲ್ಲ ಫೈಲುಗಳನ್ನೂ ಪೆನ್‌ಡ್ರೈವಿನಲ್ಲಿ ಮೊದಲೇ ಹಂಚಬೇಕು.

ಪೈಥಾನ್ ಪಾಠದಲ್ಲಿ ವ್ಯಾಕರಣ ಜಾಸ್ತಿ, ಎಚ್ಚರಿಕೆ ಕಡಿಮೆ. ಎರಡು ಕೋಷ್ಟಕ ಜೋಡಿಸಿದಾಗ ಕೀಲಿ (ಜೋಡಣೆಗೆ ಆಧಾರವಾದ ಹೆಸರು ಅಥವಾ ಸಂಖ್ಯೆ) ಎರಡೂ ಕಡೆ ಪುನರಾವರ್ತನೆಯಾಗಿದ್ದರೆ ಸಾಲುಗಳು ಗುಣಿಸಿ ಬೆಳೆಯುತ್ತವೆ, ಒಟ್ಟು ಮೊತ್ತ ಸುಳ್ಳಾಗುತ್ತದೆ. ಜೋಡಣೆಯ ಹಿಂದೆ, ಮುಂದೆ ಸಾಲು ಎಣಿಸಲೇಬೇಕು. ಗ್ರೂಪ್‌ಬೈ (ಗುಂಪುವಾರು ಲೆಕ್ಕ) ಮಾಡುವಾಗ ಖಾಲಿ ಕೀಲಿಯ ಸಾಲುಗಳನ್ನು ಪ್ಯಾಂಡಾಸ್ ಹೇಳದೆ ಬಿಟ್ಟುಬಿಡುತ್ತದೆ. ನೋಟ್‌ಬುಕ್ಕಿನ ಕೋಶಗಳನ್ನು ಹಿಂದೆಮುಂದೆ ಓಡಿಸಿದರೆ ಇಂದು ಬಂದ ಉತ್ತರ ನಾಳೆ ಬರುವುದಿಲ್ಲ, ಒಪ್ಪಿಸುವ ಮುನ್ನ ಎಲ್ಲವನ್ನೂ ಮೊದಲಿಂದ ಮರುಓಡಿಸಬೇಕು. ಬೇರೆ ಕೋಷ್ಟಕದಿಂದ ಮೌಲ್ಯ ಹುಡುಕಿ ತರುವ ಸ್ಪ್ರೆಡ್‌ಶೀಟಿನ ವಿಲುಕಪ್‌ ಫಾರ್ಮುಲಾದಲ್ಲಿ ನಾಲ್ಕನೇ ಅಂಶ ಬಿಟ್ಟರೆ ಅದು ಹತ್ತಿರದ ಮೌಲ್ಯ ಹುಡುಕುತ್ತದೆ, ತಪ್ಪು ಉತ್ತರವನ್ನು ಸದ್ದಿಲ್ಲದೆ ಕೊಡುತ್ತದೆ. ಇವು ಯಾವುವೂ ಟಿಪ್ಪಣಿಯಲ್ಲಿಲ್ಲ, ಇರಬೇಕಿತ್ತು.

ಕೊನೆಯ ಐದು ವಾರ ಪವರ್ ಬಿಐ, ಮೆಷಿನ್ ಲರ್ನಿಂಗ್ ಪರಿಚಯ. ಎರಡೂ ಅವಸರದ್ದು. ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಉಚಿತ, ಆದರೆ ಆನ್‌ಲೈನಿಗೆ ಏರಿಸಲು ಸಂಸ್ಥೆಯ ಇಮೇಲ್ ಬೇಕು, ಜಿಮೇಲ್ ನಡೆಯುವುದಿಲ್ಲ. ಕಾಲೇಜು ವಿದ್ಯಾರ್ಥಿಗಳಿಗೆ ಇಮೇಲ್ ಕೊಟ್ಟಿಲ್ಲ, ಹಾಗಾಗಿ ಮಾಡಿದ ಡ್ಯಾಶ್‌ಬೋರ್ಡ್ ಯಾರಿಗೂ ತೋರಿಸಲಾಗುವುದಿಲ್ಲ. ಆ ಐದು ವಾರವನ್ನು ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್‌ಗೂ ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯುಲೈಟ್‌ಗೂ ಕೊಟ್ಟರೆ ಭೂಗೋಳ, ಇತಿಹಾಸದವರಿಗೆ ಬಹಳ ಪ್ರಯೋಜನ. ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ರಿಗ್ರೆಶನ್ ಪಾಠ ಮಾತ್ರ ಚೆನ್ನಾಗಿದೆ. ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಪುಟ್ಟ ಕೋಷ್ಟಕಗಳನ್ನು ಮುಂದಿಟ್ಟು, ನಾಲ್ಕರಲ್ಲೂ ಸಹಸಂಬಂಧ (ಕೋರಿಲೇಶನ್) 0.816 ಇದ್ದರೂ ಚಿತ್ರ ಬರೆದರೆ ನಾಲ್ಕೂ ಬೇರೆ ಎಂದು ತೋರಿಸಿಯೇ ಮುಂದೆ ಹೋಗುತ್ತಾರೆ.

ಪರೀಕ್ಷೆ ದೊಡ್ಡ ಕೊರತೆ. ಮೂರು ತಾಸಿನ ಬರಹದ ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುತ್ತಾರೆ, ಡೇಟಾ ಕೊಡುವುದಿಲ್ಲ. ವರ್ಷವಿಡೀ ಕಚ್ಚಾ ಫೈಲಿನ ಜೊತೆ ಗುದ್ದಾಡಿದವರಿಗೂ ಟಿಪ್ಪಣಿ ಬಾಯಿಪಾಠ ಮಾಡಿದವರಿಗೂ ಒಂದೇ ಅಂಕ ಬೀಳುತ್ತದೆ.

ಯಾರಿಗೆ ಸರಿ, ಜೊತೆಗೆ ಏನು ಮಾಡಬಹುದು

ಗಣಿತದ ಭಯವಿದ್ದರೂ ಓದಿ ಬರೆಯುವ ಅಭ್ಯಾಸವಿರುವವರಿಗೆ ಇದು ಸರಿ. ಸೊಸೈಟಿ, ಬ್ಯಾಂಕು, ಪಂಚಾಯಿತಿ, ಪತ್ರಿಕೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ವರದಿ ಬರೆಯುವ ಕೆಲಸಕ್ಕೆ ನೇರವಾಗಿ ಉಪಯೋಗ. ಬೆಂಗಳೂರಿನ ಐಟಿ ಕಂಪನಿಯ ಅನಲಿಸ್ಟ್ ಕೆಲಸವೇ ಗುರಿಯಾದರೆ ಇದೊಂದೇ ಸಾಲದು. ಐಐಟಿಗಳು ನಡೆಸುವ ಆನ್‌ಲೈನ್ ಕಲಿಕಾ ಯೋಜನೆಯಾದ ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸೊಂದನ್ನು ಜೊತೆಗೆ ಮಾಡಬೇಕು. ಕಲಿಕೆ ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ ಕೊಟ್ಟು ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಹನ್ನೆರಡು ಅಸೈನ್‌ಮೆಂಟಿನಲ್ಲಿ ಉತ್ತಮವಾದ ಎಂಟಕ್ಕೆ 25 ಅಂಕ, ಪರೀಕ್ಷೆಗೆ 75. ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಪದವಿಗೂ ಕಲಾ ವಿಭಾಗದವರು ಅರ್ಹರು. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ಆದರೆ ಇಂಗ್ಲಿಷ್, ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟೇಶನಲ್ ಥಿಂಕಿಂಗ್ ನಾಲ್ಕರಲ್ಲೂ ನಾಲ್ಕು ವಾರ ಓದಿ ಅರ್ಹತಾ ಪರೀಕ್ಷೆ ದಾಟಬೇಕು. ಬಿ.ಎ. ಜೊತೆ ಅದನ್ನೂ ಹಿಡಿದರೆ ವಾರಕ್ಕೆ ವಿಷಯಕ್ಕೊಂದು ಹತ್ತು ತಾಸು ಎತ್ತಿಡಬೇಕಾಗುತ್ತದೆ.

ಪ್ರವೇಶಕ್ಕೆ ಮುನ್ನ ಕಚೇರಿಯಲ್ಲಿ ಕೇಳಬೇಕಾದ್ದು: ಈ ಅಂಕ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಬರುತ್ತದೆಯೇ, ಅಥವಾ ಕಾಲೇಜಿನ ಪ್ರತ್ಯೇಕ ಪ್ರಮಾಣಪತ್ರವೇ? ರಾಜ್ಯ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. 2021ರಿಂದ ನಡೆದ ನಾಲ್ಕು ವರ್ಷದ ಪದ್ಧತಿಯ ಮುಕ್ತ ಐಚ್ಛಿಕ, ಕೌಶಲ ಪತ್ರಿಕೆಗಳ ಲೆಕ್ಕ ಈಗಿನವರಿಗೆ ಹೊಂದುವುದಿಲ್ಲ, ಹಾಗಾಗಿ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ ಸರಿಯಾದ ಉತ್ತರ ಸಿಗದು. ಲ್ಯಾಪ್‌ಟಾಪ್ ಕೊಳ್ಳುವವರು 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಹಳೆಯದನ್ನು ಕೊಂಡರೂ ಸಾಕು, ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕುವುದು ಬೇಡ. ಕೊನೆಯ ಪ್ರಾಜೆಕ್ಟಿಗೆ ಅಡಿಕೆ ವಿಷಯ ತೆಗೆದುಕೊಳ್ಳುವವರು ಒಂದೇ ಮಾರುಕಟ್ಟೆ, ಒಂದೇ ಬಗೆ, ಕನಿಷ್ಠ ಮೂರು ವರ್ಷದ ಸಾಲುಗಳನ್ನು ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಇಳಿಸಿಟ್ಟುಕೊಳ್ಳಿ. ಎರಡನೇ ಸೆಮಿಸ್ಟರ್‌ನಲ್ಲಿ ಮಾರ್ಗದರ್ಶಕರ ಸಮಯ ಸಿಗುವುದು ವಾರಕ್ಕೆ ಇಪ್ಪತ್ತು ನಿಮಿಷ ಮಾತ್ರ.